ಪುಟ್ಟಿಯ ಯೂರೋಪು ಯಾತ್ರೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಎರಡು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಸುತ್ತುವುದು ಹೇಗೆಂಬುದನ್ನು ಮಾತ್ರ ಅವರು ಹೇಳಿ ಹೋಗಲಿಲ್ಲ. ಮಗುವಿರುವ ಮನೆಯಲ್ಲಿ ಕೋಶ ಓದುವುದೇ ದುಸ್ತರ. ತೆರೆದಿಟ್ಟ ಪುಸ್ತಕದ ಹಾಳೆ ಮರುಗಳಿಗೆಯಲ್ಲಿ ಮಗುವಿನ ಮುಷ್ಟಿಯಲ್ಲಿರುತ್ತದೆ. ಹೀಗಿರುವಾಗ ದೇಶ ಸುತ್ತುವ ಮಾತೆಲ್ಲಿ?

ಆದರೂ ಬಸವನಗುಡಿಯ ದಂಪತಿಗಳಿಬ್ಬರು 2023ರ ಜೂನ್ ತಿಂಗಳಲ್ಲಿ ಆ ಸಾಹಸಕ್ಕೆ ಕೈ ಹಾಕಿದರು. ಅದಕ್ಕೆ ಕಾರಣ ಒಂದು ಹಳೆಯ ಕ್ಯಾಲೆಂಡರು. ಗೃಹಿಣಿಯ ತವರು ಅರಕಲಗೂಡು. ಅಲ್ಲಿಯ ನಡುಮನೆಯ ಗೋಡೆಯ ಮೇಲೆ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರೊಂದು ತೂಗುತ್ತಿತ್ತು. ಅದರ ಒಂದು ಹಾಳೆಯಲ್ಲಿ ಹಿಮ ಹೊದ್ದ ಶಿಖರ. ಕೆಳಗೆ ‘ಯುಂಗ್‌ಫ್ರಾವ್, ಸ್ವಿಟ್ಜರ್ಲೆಂಡ್’ ಎಂಬ ಸಣ್ಣ ಅಕ್ಷರ. ವರ್ಷ ಮುಗಿದ ಮೇಲೆ ಎಲ್ಲ ಹಾಳೆಗಳೂ ಪುಸ್ತಕಗಳಿಗೆ ರಟ್ಟಾಗಿ ಹೋದವು. ಆ ಒಂದನ್ನು ಮಾತ್ರ ಆಕೆ ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿಕೊಂಡಳು. ಮದುವೆಯಾಗಿ ಬಂದಾಗ ಟ್ರಂಕೂ ಬಂತು, ಶಿಖರವೂ ಬಂತು. ಗಂಡ ಅದನ್ನು ನೋಡಿ ನಕ್ಕನೇ ಹೊರತು, ಆ ವರ್ಷದಿಂದಲೇ ತಿಂಗಳಿಗಿಷ್ಟೆಂದು ಹಣ ತೆಗೆದಿಡತೊಡಗಿದ.

ಹಣ ಕೂಡುವ ವೇಳೆಗೆ ಮನೆಗೆ ಪುಟ್ಟಿ ಬಂದಿದ್ದಳು. ಅವಳು ಬಂದ ವರ್ಷವೇ ಗೃಹಿಣಿ ಕಾಲೇಜಿನ ಅಧ್ಯಾಪಕ ವೃತ್ತಿಯನ್ನು ಬಿಟ್ಟಳು. ಬಿಡೆಂದು ಯಾರೂ ಹೇಳಿರಲಿಲ್ಲ. ಬಿಡಬೇಡವೆಂದೂ ಯಾರೂ ಹೇಳಲಿಲ್ಲ. ಅಂದಿನಿಂದ ಒಂದು ಹಗಲಾದರೂ ಆಕೆ ಮಗುವನ್ನು ಬಿಟ್ಟಿದ್ದಿಲ್ಲ. ಆದ್ದರಿಂದ ಪ್ರಯಾಣದ ಮಾತು ಬಂದಾಗ ಅಜ್ಜಿ, “ಕೂಸನ್ನು ನನ್ನ ಹತ್ತಿರ ಬಿಟ್ಟು ಇಬ್ಬರೂ ನೆಮ್ಮದಿಯಾಗಿ ಹೋಗಿ ಬನ್ನಿರಮ್ಮ” ಎಂದರೆ, ಗಂಡ ತಲೆಯಾಡಿಸಿದ, ಹೆಂಡತಿ ಒಪ್ಪಲಿಲ್ಲ.

ಸಿದ್ಧತೆ ಆರಂಭವಾಯಿತು. ಎರಡು ತುಂಬದ ಕೂಸಿಗೆ ವಿಮಾನದಲ್ಲಿ ತಾಯಿಯ ತೊಡೆಯೇ ಆಸನ. ತುಂಬಿದ ಮೇಲೆ ಬೇರೆ ಆಸನ, ಬೇರೆ ದರ. ಪುಟ್ಟಿಗೆ ಎರಡು ತುಂಬಿ ಮೂರು ತಿಂಗಳಾಗಿತ್ತು. ಮೂರು ತಿಂಗಳ ಹಿಂದೆಯೇ ಹೊರಟಿದ್ದರೆ ಎಷ್ಟು ಉಳಿಯುತ್ತಿತ್ತೆಂದು ಗೃಹಸ್ಥ ಲೆಕ್ಕ ಹಾಕಿ ನಿಟ್ಟುಸಿರಿಟ್ಟ. ಬೇರೆಡೆ ಕೊಂಚ ಸಮಾಧಾನ ದೊರೆಯಿತು. ಆರು ವರ್ಷದೊಳಗಿನ ಮಕ್ಕಳಿಗೆ ಶೆಂಗೆನ್ ವೀಸಾದ ಶುಲ್ಕವಿಲ್ಲ. ಹನ್ನೆರಡರ ಒಳಗಿನವರ ಬೆರಳಚ್ಚನ್ನೂ ಕೇಳುವುದಿಲ್ಲ. 1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಎಂಬ ಸಣ್ಣ ಹಳ್ಳಿಯಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದವೇ ಈ ವೀಸಾಕ್ಕೆ ಮೂಲ. ಯೂರೋಪು ಒಕ್ಕೂಟದ ಸದಸ್ಯನಲ್ಲದ ಸ್ವಿಟ್ಜರ್ಲೆಂಡೂ 2008ರಲ್ಲಿ ಈ ಏರ್ಪಾಡಿನೊಳಗೆ ಬಂದುದರಿಂದ, ಪ್ಯಾರಿಸ್ಸಿಗೂ ಬರ್ನಿಗೂ ಒಂದೇ ವೀಸಾ ಸಾಕು. ಪುಟ್ಟಿಯ ಭಾವಚಿತ್ರ ಮಾತ್ರ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಮುಖ ನೇರವಿರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು ಎಂಬುದು ನಿಯಮ. ಇವು ಮೂರೂ ಪುಟ್ಟಿಯ ಜೀವನದಲ್ಲಿ ಒಟ್ಟಿಗೆ ಸಂಭವಿಸಿದುದು ಅದೊಂದೇ ದಿನ.

ಅಜ್ಜಿ ಮಾತ್ರ ಒಂದು ವಿಷಯದಲ್ಲಿ ನೊಂದುಕೊಂಡರು. ಮಗುವಿಗೆಂದು ಬೆಣ್ಣೆ ಕಾಯಿಸಿ ತುಪ್ಪ ಮಾಡಿ ಡಬ್ಬಿಗೆ ತುಂಬಿದ್ದರು. ಹೊರದೇಶದವರು ಹಾಲಿನ ಪದಾರ್ಥಗಳನ್ನು ಯೂರೋಪು ಒಕ್ಕೂಟದೊಳಕ್ಕೆ ತರುವಂತಿಲ್ಲವೆಂದು ಗಂಡ ಓದಿ ಹೇಳಿದ. “ತುಪ್ಪ ಬೇಡವೆನ್ನುವ ಊರಿಗೆ ಏಕಪ್ಪ ಹೋಗುವುದು!” ಎಂದು ಅವರು ಡಬ್ಬಿಯನ್ನು ಒಳಗಿಟ್ಟರು. ಪೆಟ್ಟಿಗೆಯಲ್ಲಿ ಅವಲಕ್ಕಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ ಮತ್ತು ಪುಟ್ಟ ಕುಕ್ಕರು ಉಳಿದವು.

ಗೃಹಸ್ಥ ಹನ್ನೆರಡು ದಿನಗಳಿಗೂ ಒಂದು ವೇಳಾಪಟ್ಟಿಯನ್ನು ಸಿದ್ಧಪಡಿಸಿದ್ದ. ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆ ಇಂಥದು, ಹನ್ನೆರಡಕ್ಕೆ ಅಂಥದು ಎಂದು ಪ್ರತಿ ಗಳಿಗೆಗೂ ಲೆಕ್ಕವಿತ್ತು. ಪ್ಯಾರಿಸ್ಸಿನ ಮೊದಲ ರಾತ್ರಿಯೇ ಪುಟ್ಟಿ ಅದನ್ನು ರದ್ದುಗೊಳಿಸಿದಳು. ಬೇಸಗೆಯಲ್ಲಿ ಪ್ಯಾರಿಸ್ಸು ನಮಗಿಂತ ಮೂರೂವರೆ ಗಂಟೆ ಹಿಂದೆ. ಬಸವನಗುಡಿಯಲ್ಲಿ ಆರೂವರೆಗೆ ಏಳುವ ಮಗು ಅಲ್ಲಿಯ ಮೂರು ಗಂಟೆಗೆ ಎದ್ದು ಕುಳಿತು ಹಾಲು ಕೇಳಿತು. ಸಂಜೆ ಮಲಗಿಸೋಣವೆಂದರೆ ಜೂನ್ ತಿಂಗಳ ಸೂರ್ಯ ಹತ್ತಕ್ಕೆ ಸಮೀಪಿಸುವವರೆಗೂ ಮುಳುಗುವುದಿಲ್ಲ. ಕಿಟಕಿಯತ್ತ ಕೈ ತೋರಿಸಿ “ಬೆಳಕು!” ಎನ್ನುವ ಮಗುವಿಗೆ ರಾತ್ರಿಯಾಯಿತೆಂದು ನಂಬಿಸುವುದು ಯಾವ ತಾಯಿಗೆ ಸಾಧ್ಯ?

ಮೂರಕ್ಕೆ ಎದ್ದವರು ಐದರವರೆಗೆ ಹೇಗೋ ಕಳೆದು, ಬೇರೆ ದಾರಿಯಿಲ್ಲದೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ಬೀದಿಗಿಳಿದರು. ಹಾಗೆ ಇಳಿದುದರಿಂದ ಅವರಿಗೆ ಕಂಡ ಪ್ಯಾರಿಸ್ಸು ವೇಳಾಪಟ್ಟಿಯಲ್ಲಿರಲಿಲ್ಲ. ಹಸಿರು ಉಡುಪಿನ ಪೌರಕಾರ್ಮಿಕರು ಬೀದಿಯಂಚಿಗೆ ನೀರು ಹರಿಸಿ ಗುಡಿಸುತ್ತಿದ್ದರು. ಬೇಕರಿಗಳಿಂದ ಬ್ರೆಡ್ಡು ಬೇಯುವ ಘಮ ಬರುತ್ತಿತ್ತು. ಸೇನ್ ನದಿಯ ಸೇತುವೆಗಳ ಮೇಲೆ ಜನವಿರಲಿಲ್ಲ. “ನಮ್ಮೂರಲ್ಲಿ ಅಂಗಳಕ್ಕೆ ನೀರು ಹಾಕುವ ಹೊತ್ತು ಇದು” ಎಂದಳು ಗೃಹಿಣಿ. ಆ ಮಹಾನಗರ ಆ ಒಂದು ಗಳಿಗೆ ಪರಕೀಯವೆನಿಸಲಿಲ್ಲ.

ಪ್ಯಾರಿಸ್ಸಿನ ಮೆಟ್ರೋ 1900ರಲ್ಲಿ ಆರಂಭವಾದುದು. ಹಳೆಯ ನಿಲ್ದಾಣಗಳಲ್ಲಿ ಬಹುಪಾಲಿಗೆ ಲಿಫ್ಟಿಲ್ಲ, ಮೆಟ್ಟಿಲುಗಳೇ ಮೆಟ್ಟಿಲುಗಳು. ಅಲ್ಲಿ ತಳ್ಳುಗಾಡಿ ಹೊತ್ತವರ ಪಾಡು ಹೇಳತೀರದು. ಆದರೆ ಗಾಡಿಯೊಡನೆ ಮೆಟ್ಟಿಲ ಬುಡದಲ್ಲಿ ನಿಂತರೆ ಸಾಕು, ಯಾರೋ ಒಬ್ಬರು ಮಾತಿಲ್ಲದೆ ಇನ್ನೊಂದು ತುದಿಯನ್ನು ಹಿಡಿದು ಮೇಲಕ್ಕೆ ಮುಟ್ಟಿಸಿ, ಧನ್ಯವಾದ ಕೇಳಿಸಿಕೊಳ್ಳಲೂ ನಿಲ್ಲದೆ ಹೊರಟುಹೋಗುತ್ತಿದ್ದರು. ಪ್ಯಾರಿಸ್ಸಿನ ಜನ ಬಿಗುಮಾನಿಗಳೆಂದು ಕೇಳಿಕೊಂಡು ಹೋಗಿದ್ದ ಗೃಹಸ್ಥ ಮೂರನೆಯ ದಿನಕ್ಕೆ ಆ ಮಾತನ್ನು ಹಿಂತೆಗೆದುಕೊಂಡ.

ಲೂವ್ರ್ ಸಂಗ್ರಹಾಲಯಕ್ಕೆ ಹೋದದ್ದು ಮೋನಾಲಿಸಾಳ ದರ್ಶನಕ್ಕೆ. ಆ ಚಿತ್ರದ ಎತ್ತರ 77 ಸೆಂಟಿಮೀಟರು. ಅದರ ಮುಂದಿನ ಜನಸಂದಣಿಗೆ ಅಳತೆಯಿಲ್ಲ. ಗೃಹಸ್ಥ ಮಗುವನ್ನು ಹೆಗಲಿಗೇರಿಸಿ, ತುದಿಗಾಲಲ್ಲಿ ನಿಂತು ಕತ್ತು ಚಾಚುತ್ತಿದ್ದ. ಹೆಗಲ ಮೇಲಿನಿಂದ ಹಿಂದಕ್ಕೆ ಮುಖ ಮಾಡಿದ್ದ ಪುಟ್ಟಿ ಒಮ್ಮೆಗೇ “ಬೌ ಬೌ! ಅಮ್ಮ, ಬೌ ಬೌ!” ಎಂದು ಕಿರುಚಿದಳು. ತಿರುಗಿ ನೋಡಿದರೆ, ಎದುರುಗೋಡೆಯನ್ನೆಲ್ಲ ತುಂಬಿ ನಿಂತಿದ್ದ ವೆರೋನೀಸನ ‘ಕಾನಾದ ಮದುವೆ’. 1563ರಲ್ಲಿ ಮುಗಿದ ಆ ಚಿತ್ರದ ಅಗಲ ಹತ್ತು ಮೀಟರಿಗೆ ಸ್ವಲ್ಪ ಕಡಮೆ. ಮದುವೆಯೂಟದ ಪಂಕ್ತಿ, ವಾದ್ಯದವರು, ಬಡಿಸುವವರು, ಅವರ ಮುಂದೆ ನಟ್ಟನಡುವೆ ಎರಡು ಬಿಳಿಯ ಬೇಟೆನಾಯಿಗಳು! ಇಡೀ ಕೋಣೆಯ ಜನ ಆ ಚಿತ್ರಕ್ಕೆ ಬೆನ್ನು ಮಾಡಿ ನಿಂತಿದ್ದರು. ನೋಡಿದವಳು ಪುಟ್ಟಿ ಒಬ್ಬಳೇ. ಬಳಿಕ ಮೂವರೂ ನೋಡಿದರು. ಮೇಜಿನ ಮೇಲೆ ಏನೇನು ಬಡಿಸಿದೆಯೆಂದು ಗೃಹಿಣಿ, ಎಷ್ಟು ಜನರಿದ್ದಾರೆಂದು ಗೃಹಸ್ಥ. ಆ ದಿನದ ವೇಳಾಪಟ್ಟಿಯಲ್ಲಿ ಉಳಿದಿದ್ದ ಐದು ಸ್ಥಳಗಳ ಬದಲು ಅವರು ಲಕ್ಸೆಂಬರ್ಗ್ ತೋಟಕ್ಕೆ ಹೋದರು. ಅಲ್ಲಿಯ ಕೊಳದಲ್ಲಿ ಮಕ್ಕಳು ಬಾಡಿಗೆಗೆ ಪಡೆದ ಹಾಯಿದೋಣಿಗಳನ್ನು ಕೋಲಿನಿಂದ ನೂಕಿ ಬಿಡುತ್ತಾರೆ. ದೋಣಿ ಈ ದಡದಿಂದ ಆ ದಡಕ್ಕೆ ಹೋಗುತ್ತದೆ. ಮಗು ಕೊಳ ಸುತ್ತಿ ಓಡುತ್ತದೆ. ತಂದೆ ಮಗುವಿನ ಹಿಂದೆ ಓಡುತ್ತಾನೆ. ಎರಡು ಗಂಟೆ ಕಳೆದುದು ತಿಳಿಯಲಿಲ್ಲ.

ಪ್ಯಾರಿಸ್ಸಿನಿಂದ ರೈಲಿನಲ್ಲಿ ಬಾಸೆಲ್, ಅಲ್ಲಿಂದ ಬರ್ನ್. ಸ್ವಿಟ್ಜರ್ಲೆಂಡಿನಲ್ಲಿ ತಂದೆತಾಯಿಯರೊಡನೆ ಹೊರಟ ಆರು ವರ್ಷದೊಳಗಿನ ಮಕ್ಕಳಿಗೆ ರೈಲುದರವಿಲ್ಲ. ಎರಡಂತಸ್ತಿನ ದೂರದ ರೈಲುಗಳಲ್ಲಿ ಕುಟುಂಬಗಳಿಗೆಂದೇ ಬೋಗಿಯಿರುತ್ತದೆ. ಅದರ ಮೇಲಂತಸ್ತಿನಲ್ಲಿ ಮಕ್ಕಳಿಗೆ ಜಾರುವ ಬಂಡೆಯೂ ಆಟದ ಎಡೆಯೂ ಉಂಟು. ಓಡುವ ರೈಲಿನಲ್ಲಿ ಜಾರುವ ಬಂಡೆ! ಪುಟ್ಟಿ ಆಲ್ಪ್ಸ್ ಪರ್ವತಗಳಿಗೆ ಬೆನ್ನು ಹಾಕಿ ಅದರ ಮೇಲೆ ಇಪ್ಪತ್ತು ಸಲ ಜಾರಿದಳು.

ಬರ್ನ್ ನಗರದ ಒಂದು ಕಾರಂಜಿಯ ಕಂಬದ ಮೇಲೆ ಮಕ್ಕಳನ್ನು ತಿನ್ನುವ ರಾಕ್ಷಸ ಕುಳಿತಿದ್ದಾನೆ. 1545ರ ಸುಮಾರಿಗೆ ಮಾಡಿ ನಿಲ್ಲಿಸಿದ ವಿಗ್ರಹ. ಒಂದು ಮಗುವಿನ ತಲೆ ಅವನ ಬಾಯಲ್ಲಿದೆ. ಉಳಿದ ಮಕ್ಕಳು ಚೀಲದಲ್ಲಿ. ನಮ್ಮ ಅಜ್ಜಿಯರ ಗುಮ್ಮ ಕಣ್ಣಿಗೆ ಬೀಳುವುದಿಲ್ಲ. ಬರ್ನಿನವರು ತಮ್ಮ ಗುಮ್ಮನಿಗೆ ಬಣ್ಣ ಬಳಿದು ಚೌಕದಲ್ಲಿ ಕೂರಿಸಿದ್ದಾರೆ. ತಾಯಿ ಅವಸರದಿಂದ ಮಗುವಿನ ಕಣ್ಣು ಮುಚ್ಚಹೋದಳು. ಪುಟ್ಟಿ ಕೈ ಸರಿಸಿ ನೋಡಿ, “ಮಾಮ ಮಮ್ಮು ತಿಂತಾರೆ” ಎಂದಳು.

ಅದೇ ಊರಿನ ಕ್ರಾಮ್‌ಗಾಸ್ಸೆ ಬೀದಿಯ 49ನೆಯ ಮನೆಯಲ್ಲಿ 1903ರಿಂದ 1905ರವರೆಗೆ ಐನ್‌ಸ್ಟೈನ್ ತನ್ನ ಪತ್ನಿ ಮಿಲೇವಾಳೊಡನೆ ಬಾಡಿಗೆಗಿದ್ದ. ಈಗದು ಸಂಗ್ರಹಾಲಯ. ಪೇಟೆಂಟು ಕಚೇರಿಯ ಗುಮಾಸ್ತಗಿರಿ, ಎರಡನೆಯ ಮಹಡಿಯ ಇಕ್ಕಟ್ಟಿನ ಮನೆ, 1904ರ ಮೇ ತಿಂಗಳಲ್ಲಿ ಹುಟ್ಟಿದ ಗಂಡುಮಗು. ಆ ಮಗುವಿಗೆ ಒಂದು ತುಂಬಿದ ವರ್ಷವೇ ತಂದೆ ಭೌತಶಾಸ್ತ್ರವನ್ನು ತಲೆಕೆಳಗು ಮಾಡಿದ ಲೇಖನಗಳನ್ನು ಬರೆದುದು. “ಮಗುವಿದ್ದೂ ಹೇಗೆ ಬರೆದನೋ!” ಎಂದು ಗೃಹಸ್ಥ ಬೆರಗಾದ. ಗೃಹಿಣಿ ಸುಮ್ಮನೆ ಗೋಡೆಯ ಮೇಲಿನ ಭಾವಚಿತ್ರವನ್ನು ನೋಡುತ್ತ, “ಮಿಲೇವಾಳೂ ಅವನ ಜೊತೆಗೇ ಭೌತಶಾಸ್ತ್ರ ಓದಿದವಳಂತೆ ಕಣ್ರೀ” ಎಂದಳು. ಮುಂದೆ ಇಬ್ಬರೂ ಮಾತನಾಡಲಿಲ್ಲ.

ಕೊನೆಯ ನಿಲ್ದಾಣ ಲೌಟರ್‌ಬ್ರುನ್ನೆನ್. ಎರಡು ಕಡೆಯೂ ಗೋಡೆಯಂತೆ ಎದ್ದ ಬಂಡೆಗಳ ನಡುವಣ ಕಣಿವೆ. ಸುಮಾರು 300 ಮೀಟರು ಎತ್ತರದಿಂದ ಸ್ಟೌಬಾಕ್ ಜಲಪಾತ ನೆಲಕ್ಕೆ ಬರುವಷ್ಟರಲ್ಲಿ ಧೂಳಿನಂತೆ ಚೆದುರುತ್ತದೆ. 1779ರಲ್ಲಿ ಇದನ್ನು ಕಂಡು ಗಯಟೆ ಕವಿತೆ ಬರೆದ. ಇಲ್ಲಿಂದ ಮೇಲಕ್ಕೆ, ಆ ಶಿಖರದ ಹೆಗಲಿಗೆ, ರೈಲು ಹೋಗುತ್ತದೆ. 1896ರಿಂದ 1912ರವರೆಗೆ ಪರ್ವತಗಳ ಹೊಟ್ಟೆ ಕೊರೆದು ಮಾಡಿದ ದಾರಿ. ಕೊನೆಯ ನಿಲ್ದಾಣ ಯುಂಗ್‌ಫ್ರಾವ್‌ಯೋಖ್ 3,454 ಮೀಟರು ಎತ್ತರದಲ್ಲಿದೆ.

ಹೊರಡುವ ಹಿಂದಿನ ಸಂಜೆ ಪುಟ್ಟಿಗೆ ಮೂಗು ಸೋರತೊಡಗಿತು. ರಾತ್ರಿ ಕಿವಿ ಮುಟ್ಟಿಕೊಂಡು ಅತ್ತಳು. ಮೇಲೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು. ಕಣಿವೆಯಿಂದ ಎರಡು ಗಂಟೆಯೊಳಗಿನ ಪ್ರಯಾಣದಲ್ಲಿ 2,600 ಮೀಟರಿಗೂ ಮಿಕ್ಕಿ ಏರಬೇಕು. ತಲೆ ನೋಯುತ್ತಿದೆ ಎಂದು ಹೇಳಲಾರದ ಮಗುವನ್ನು, ಅದೂ ನೆಗಡಿಯಲ್ಲಿ, ಕರೆದೊಯ್ಯುವುದು ತರವಲ್ಲ. ಟಿಕೆಟ್ಟಿನ ಹಣ ಆಗಲೇ ಹೋಗಿತ್ತು.

“ಬಿಡಿ, ಇಲ್ಲಿಂದಲೇ ಬೆಟ್ಟ ಕಾಣುತ್ತದಲ್ಲ” ಎಂದಳು ಗೃಹಿಣಿ. ದನಿ ಮಾತ್ರ ಬೇರೆಯದನ್ನು ಹೇಳಿತು.

ಗೃಹಸ್ಥ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಹೋಗಿ ಬಾ. ನಾನು ಇವಳನ್ನು ನೋಡಿಕೊಳ್ಳುತ್ತೇನೆ” ಎಂದ.

“ನಿಮ್ಮ ಕೈಲಾಗುತ್ತದೆಯೇ?”

“ಆಗುವುದಿಲ್ಲ. ಆದರೂ ಹೋಗಿ ಬಾ.”

ಬೆಳಗಾಗುವಷ್ಟರಲ್ಲಿ ಪುಟ್ಟಿಯ ನೋವು ತಗ್ಗಿತ್ತು. ಆಕೆ ಅನ್ನ ಮಾಡಿಟ್ಟು, ಔಷಧದ ಅಳತೆಯನ್ನು ಮೂರು ಸಲ ಹೇಳಿ, ರೈಲು ಹತ್ತಿದಳು. ಮೊದಲ ಅರ್ಧ ಗಂಟೆ ಬಲಗೈ ತಾನಾಗಿಯೇ ಪಕ್ಕದ ಆಸನವನ್ನು ತಡವುತ್ತಿತ್ತು. ಮೇಲೆ ತಲಪಿದಾಗ ಕಣ್ಣು ಕೋರೈಸುವ ಬಿಳುಪು. ಒಂದೆಡೆ ಕ್ಯಾಲೆಂಡರಿನ ಶಿಖರ. ಅದರ ಎತ್ತರ 4,158 ಮೀಟರು. ಇನ್ನೊಂದೆಡೆ ಆಲ್ಪ್ಸ್ ಪರ್ವತಗಳಲ್ಲೇ ಅತಿ ಉದ್ದವಾದ ಅಲೆಚ್ ಹಿಮನದಿ, ಸುಮಾರು 20 ಕಿಲೋಮೀಟರು ಹರಡಿ ನಿಂತದ್ದು. ಅದು ವರ್ಷದಿಂದ ವರ್ಷಕ್ಕೆ ಕರಗಿ ಕುಗ್ಗುತ್ತಿದೆ. ಪುಟ್ಟಿ ದೊಡ್ಡವಳಾಗಿ ಬರುವಾಗ ಎಷ್ಟು ಉಳಿದಿರುವುದೋ ಎಂಬ ಯೋಚನೆ ಆಕೆಯ ಮನಸ್ಸಿಗೆ ಬಂತು. ಬಳಿಕ ಒಂದು ಕಾಫಿ ಕೊಂಡು ಕಿಟಕಿಯ ಬಳಿ ಕುಳಿತಳು. ಆ ಕಾಫಿ ಕೊನೆಯ ಗುಟುಕಿನವರೆಗೂ ಬಿಸಿಯಾಗಿತ್ತು. ಎರಡು ವರ್ಷಗಳಲ್ಲಿ ಹಾಗೆ ಕುಡಿದುದು ಅದೇ ಮೊದಲು.

ಕೆಳಗೆ ಗೃಹಸ್ಥನ ಸ್ಥಿತಿ ಬೇರೆ. ಅನ್ನದ ಅರ್ಧ ನೆಲಕ್ಕೆ, ಕಾಲು ಅಂಗಿಗೆ, ಉಳಿದದ್ದು ಮಗುವಿನ ಹೊಟ್ಟೆಗೆ. ಬಟ್ಟೆ ಬದಲಿಸಿದ್ದು ನಾಲ್ಕು ಸಲ. ಫೋನಿನಲ್ಲಿ ಒಂದು ಸುದ್ದಿ ಓದೋಣವೆಂದು ಬೆಳಗ್ಗೆ ತೆರೆದವನು ಸಂಜೆಯಾದರೂ ಎರಡನೆಯ ಸಾಲಿಗೆ ಬರಲಿಲ್ಲ. ಮಧ್ಯಾಹ್ನ “ಅಮ್ಮ” ಎಂದು ಅಳು ಆರಂಭವಾಯಿತು. ಅವನಿಗೆ ಬರುತ್ತಿದ್ದ ಲಾಲಿಯೆಂದರೆ ಮೊದಲ ಅರ್ಧ ಸಾಲು. ಅದನ್ನೇ ನೂರು ಸಲ ಹಾಡಿದ. ಕೊನೆಗೆ ನಿಲ್ದಾಣಕ್ಕೆ ಕರೆದೊಯ್ದು ಬೆಂಚಿನ ಮೇಲೆ ಕುಳಿತ. ಬೆಟ್ಟದಿಂದ ರೈಲಿಳಿದಾಗಲೆಲ್ಲ ಪುಟ್ಟಿ, “ಅಮ್ಮ ಬಂದ್ಲಾ?” ಎನ್ನುವಳು. “ಮುಂದಿನದರಲ್ಲಿ” ಎನ್ನುವನು. ಆಕೆ ಇಳಿದು ಬಂದಾಗ ಮಗು ಅವನ ಹೆಗಲ ಮೇಲೆ ನಿದ್ದೆ ಹೋಗಿತ್ತು.

ರಾತ್ರಿ ಗೃಹಿಣಿ ಮೆಲ್ಲನೆ ಹೇಳಿದಳು: “ರೀ, ಒಂದು ಮಾತು. ಅಲ್ಲಿ ಕುಳಿತಾಗ ಅರ್ಧ ಗಂಟೆ ನನಗೆ ಇವಳ ನೆನಪೇ ಬರಲಿಲ್ಲ.” ಹೇಳುವಾಗ ಕಣ್ಣು ತುಂಬಿತ್ತು.

“ನನಗೆ ಇವತ್ತು ಅರ್ಧ ನಿಮಿಷವೂ ಬೇರೇನೂ ನೆನಪಾಗಲಿಲ್ಲ. ಲೆಕ್ಕ ಸರಿಹೋಯಿತು ಬಿಡು” ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ, “ದಿನಾ ಹೀಗೆಯೇ ಏನೇ ನಿನಗೆ?” ಎಂದು ಕೇಳಿದ. ಆಕೆ ಉತ್ತರ ಹೇಳಲಿಲ್ಲ; ಅವನಿಗೆ ಬೇಕಾಗಿಯೂ ಇರಲಿಲ್ಲ.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಅಜ್ಜಿ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ತುಪ್ಪ ಕಲಸಿದ ಅನ್ನ ತಿನ್ನಿಸುತ್ತ, “ಅಲ್ಲಿ ಏನೇನು ನೋಡಿದೆಯೇ ಪುಟ್ಟಿ?” ಎಂದು ಕೇಳಿದರು. ಪುಟ್ಟಿ ಯೋಚಿಸಿ, “ಬೌ ಬೌ” ಎಂದಳು. ಇಷ್ಟಕ್ಕೆ ಇಷ್ಟು ಖರ್ಚೇ ಎಂದು ಅಜ್ಜಿ ನಕ್ಕರು. ಎರಡು ವರ್ಷದ ಮಗುವಿಗೆ ಇದಾವುದೂ ನೆನಪುಳಿಯದು. ಅದು ತಂದೆತಾಯಿಯರಿಗೂ ಗೊತ್ತು. ಆದರೆ ಮುಂದಿನ ತಿಂಗಳು ಗೃಹಿಣಿ ಕಾಲೇಜಿಗೆ ಅರ್ಜಿ ಬರೆದಾಗ, ಟ್ರಂಕನ್ನು ತೆರೆದು ತನ್ನ ಪ್ರಮಾಣಪತ್ರಗಳನ್ನು ತೆಗೆದುಕೊಟ್ಟವನು ಗೃಹಸ್ಥನೇ. ಈಗ ವಾರದಲ್ಲಿ ಎರಡು ಬೆಳಗ್ಗೆ ಆಕೆ ಪಾಠಕ್ಕೆ ಹೊರಡುತ್ತಾಳೆ. ಆ ಎರಡು ದಿನ ಮಗುವಿಗೆ ಅನ್ನ ಕಲಸುವವನು ತಂದೆ. ಲಾಲಿಯ ಉಳಿದ ಸಾಲುಗಳನ್ನು ಅವನು ಅಜ್ಜಿಯಿಂದ ಕಲಿತುಕೊಂಡಿದ್ದಾನೆ.