ನಡುರಸ್ತೆಯಲ್ಲಿ ನಡೆಯುವ ಶನಿವಾರ

ಕಬ್ಬನ್ ಪಾರ್ಕ್ ನಿಲ್ದಾಣದ ತನಕ ಮೆಟ್ರೋ ಕಿಟಕಿಯಲ್ಲಿ ಬರೀ ಕತ್ತಲೆ. ಅಲ್ಲಿಂದ ಮುಂದೆ ರೈಲು ನೆಲದೊಳಗಿಂದ ಏರಿ ಮೇಲೆ ಬರುತ್ತದೆ. ಎಡಕ್ಕೆ ಪರೇಡ್ ಮೈದಾನ, ಬಲಕ್ಕೆ ಮಹಾತ್ಮ ಗಾಂಧಿ ರಸ್ತೆಯ ಬೋರ್ಡುಗಳು. ಮೆಜೆಸ್ಟಿಕ್ಕಿನಲ್ಲಿ ಟೋಕನ್ ಸಿಗಲಿಲ್ಲ. ಕೊರೋನಾ ಕಾಲ, ಕಾರ್ಡ್ ಇದ್ದವರಿಗಷ್ಟೇ ಪ್ರವೇಶ. ಗೆಳೆಯನೊಬ್ಬನ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು, ಮಾಸ್ಕಿನೊಳಗೆ ಬೆವರುತ್ತ, ಬೆಳಗಾವಿ ಜಿಲ್ಲೆಯ ಕಟಕೋಳದಿಂದ ಬಂದ ನೀವು ಮೆಟ್ಟಿಲಿಳಿಯುತ್ತೀರಿ. ನಿನ್ನೆ ರಾತ್ರಿ ರಾಮದುರ್ಗದ ದಾರಿಯಲ್ಲಿ ನಿಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳಿತ್ತು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಅದು. ಮುಂದೆ ಹೋಗಲು ಬಿಡಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಆ ಧೂಳು ಇನ್ನೂ ಅಂಗಿಯ ಕಾಲರಿನಲ್ಲಿದೆ.

ಇವತ್ತು 2020ರ ನವೆಂಬರ್ 7, ಶನಿವಾರ. ರಸ್ತೆ ದಾಟಿ, ಮೂಲೆಯ ಕಾವೇರಿ ಎಂಪೋರಿಯಂ ಬಳಸಿ ಬ್ರಿಗೇಡ್ ರಸ್ತೆಗೆ ಇಳಿದರೆ ಹಾರ್ನು, ಆಟೋ, ಬೈಕು ಎಲ್ಲ ಇದ್ದದ್ದು ಇದ್ದಂತೆಯೇ ಇದೆ. ಸ್ವಲ್ಪ ನಡೆದು ಬಲಕ್ಕೆ ಹೊರಳಬೇಕು. ಹೊರಳುತ್ತೀರಿ. ಎದುರಿಗೆ ಪೊಲೀಸ್ ಬ್ಯಾರಿಕೇಡು.

ಬ್ಯಾರಿಕೇಡು ಕಂಡರೆ ನಮ್ಮ ಕಡೆಯವರ ಕಾಲು ತಂತಾನೇ ನಿಲ್ಲುತ್ತದೆ. ಮಂತ್ರಿ ಬಂದಿರಬೇಕು, ಇಲ್ಲವೇ ಗದ್ದಲ ಆಗಿರಬೇಕು ಎಂಬ ಲೆಕ್ಕ. ಇಲ್ಲಿ ಹಾಗಲ್ಲ. ನಿಂತಿರುವುದು ಗಾಡಿಗಳು, ಒಳಗೆ ಹೋಗುತ್ತಿರುವುದು ಜನ. ಒಂದು ಕಾರು ಮೂತಿ ತೂರಿಸಿ, ಬೈಸಿಕೊಂಡು, ಹಿಂದೆ ಸರಿಯುತ್ತದೆ. ಅದರ ಪಕ್ಕದಲ್ಲೇ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪನೊಬ್ಬ ಸಲೀಸಾಗಿ ದಾಟಿಹೋಗುತ್ತಾನೆ. ನೀವೂ ದಾಟುತ್ತೀರಿ. ಈಗ ನೀವಿರುವುದು ಚರ್ಚ್ ಸ್ಟ್ರೀಟಿನ ನಟ್ಟನಡುವೆ.

ನಡುವೆ ನಡೆಯುವುದಕ್ಕೆ ಕಾಲು ಒಪ್ಪಲು ಒಂದಿಷ್ಟು ಹೊತ್ತು ಬೇಕು. ಮೊದಲ ನಾಲ್ಕು ಹೆಜ್ಜೆ ಅಂಚಿಗೇ ಅಂಟಿಕೊಂಡು ಹೋಗುತ್ತೀರಿ, ಎರಡು ಸಲ ಹಿಂದೆ ತಿರುಗಿ ನೋಡುತ್ತೀರಿ. ಏನೂ ಬರುವುದಿಲ್ಲ. ಆಮೇಲೆ ಭುಜ ಸಡಿಲವಾಗುತ್ತದೆ. ಕಾಲಡಿಯಲ್ಲಿ ಡಾಂಬರಿಲ್ಲ, ಸಣ್ಣ ಸಣ್ಣ ಗ್ರಾನೈಟ್ ಬಿಲ್ಲೆಗಳನ್ನು ವಿನ್ಯಾಸವಾಗಿ ಕೂರಿಸಿದ ನೆಲ. ಅಂಚಿನಲ್ಲಿ ಎತ್ತರದ ಫುಟ್‌ಪಾತಿನ ಗೋಡೆ ಇಲ್ಲ, ಕುಳಿತುಕೊಳ್ಳಲು ಕಲ್ಲಿನ ಆಸನಗಳಿವೆ. ಅಲ್ಲಲ್ಲಿ ಒಂದೊಂದು ಬಿಲ್ಲೆ ಸಡಿಲಾಗಿ ಚಪ್ಪಲಿಯಡಿ ಅಲುಗುತ್ತದೆ. ಆ ಅಲುಗಾಟವನ್ನು ನೆನಪಿಟ್ಟುಕೊಳ್ಳಿ, ಅದರ ಮಾತು ಮುಂದೆ ಬರುತ್ತದೆ.

ಬೀದಿ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದ. ಆ ತುದಿಗೆ ಸೇಂಟ್ ಮಾರ್ಕ್ಸ್ ರಸ್ತೆ, ಈ ತುದಿಗೆ ಬ್ರಿಗೇಡ್ ರಸ್ತೆ. ಪುಸ್ತಕ ಪ್ರಿಯರಿಗೆ ಬ್ಲಾಸಂ, ಬುಕ್‌ವರ್ಮ್. ಊಟಕ್ಕೆ ಎಂಪೈರ್. ಸಂಜೆ ಇಳಿದಂತೆ ಜನ ಹೆಚ್ಚಾಗುತ್ತಾರೆ. ಯಾರೋ ಗಿಟಾರ್ ತೆಗೆದಿದ್ದಾರೆ. ಹುಡುಗಿಯರ ಗುಂಪೊಂದು ಬೀದಿಯ ಮಧ್ಯೆಯೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದೆ. ಮಾಸ್ಕು ಗಲ್ಲದ ಕೆಳಗೆ. ಗದ್ದಲ ಕಡಿಮೆಯೇನೂ ಆಗಿಲ್ಲ, ಬೇರೆಯಾಗಿದೆ. ಇಂಜಿನ್ನಿನ ಸದ್ದು ಹೋದ ಜಾಗಕ್ಕೆ ಮಾತು ಬಂದಿದೆ. ಹತ್ತು ಮಾರು ದೂರದವರ ಜಗಳ ನಿಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಕೇಳಿಸಿಕೊಳ್ಳದೆ ಇರಲಾಗುವುದಿಲ್ಲ.

ನಿಮಗಿದು ಪೂರ್ತಿ ಹೊಸದೂ ಅಲ್ಲ. ಸಂತೆಯ ದಿನ ನಮ್ಮ ಕಡೆಯ ಬಜಾರದಲ್ಲಿ ಗಾಡಿಯವನೇ ದಾರಿ ಬೇಡಬೇಕು. ಮೆಣಸಿನಕಾಯಿ ರಾಶಿಯ ಮುಂದೆ ಬುಲೆಟ್ಟೂ ತಲೆ ತಗ್ಗಿಸುತ್ತದೆ. ಹೊಸ್ತಿಲ ಹುಣ್ಣಿಮೆಗೆ ಗೊಡಚಿ ವೀರಭದ್ರೇಶ್ವರನ ಜಾತ್ರೆಗೆ ಹೋದವರಿಗೆ ನಡುರಸ್ತೆಯಲ್ಲಿ ನಡೆಯುವುದನ್ನು ಯಾರೂ ಕಲಿಸಬೇಕಿಲ್ಲ. ಬೆಂಗಳೂರು ಇದನ್ನು ಆವಿಷ್ಕಾರವೆಂಬಂತೆ ತೋರಿಸುವಾಗ ಕೊಂಚ ನಗು ಬರುವುದು ಸಹಜ. ಆದರೆ ನಗು ಮುಗಿದ ಮೇಲೆ ಒಂದು ವ್ಯತ್ಯಾಸ ಉಳಿಯುತ್ತದೆ. ಸಂತೆಯನ್ನು ಯಾರೂ ಅಳೆಯುವುದಿಲ್ಲ. ಇಲ್ಲಿ ಅಳೆಯುತ್ತಿದ್ದಾರೆ.

ಇವತ್ತು ಮುಖ್ಯಮಂತ್ರಿ ಯಡಿಯೂರಪ್ಪನವರು ಚಾಲನೆ ಕೊಟ್ಟ ಈ ಯೋಜನೆಯ ಹೆಸರು ‘ಕ್ಲೀನ್ ಏರ್ ಸ್ಟ್ರೀಟ್’. ಇಂದಿನಿಂದ 2021ರ ಫೆಬ್ರವರಿ ಕೊನೆಯ ತನಕ, ಶನಿವಾರ ಭಾನುವಾರ ಮಾತ್ರ, ಇಲ್ಲಿ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ. ಹಿಂದೆ ನಿಂತಿರುವುದು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ, ಜೊತೆಗೆ ಹೊಸ ತಂತ್ರಜ್ಞಾನ ಬೆಳೆಸುವ ಕೇಂದ್ರಗಳ ಬ್ರಿಟನ್ನಿನ ‘ಕ್ಯಾಟಪಲ್ಟ್’ ಜಾಲ; ಅಧ್ಯಯನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ. ಗಾಡಿ ಇದ್ದ ದಿನದ ಗಾಳಿ, ಇಲ್ಲದ ದಿನದ ಗಾಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಉದ್ದೇಶ.

ನಿಂತು ಒಮ್ಮೆ ಉಸಿರೆಳೆದುಕೊಳ್ಳಿ. ಮಾಸ್ಕಿನೊಳಗೆ ಏನು ಗೊತ್ತಾದೀತು! ಮೂಗಿಗೆ ಕಬಾಬಿನ ವಾಸನೆ ಬಡಿಯುತ್ತದೆ, ಅಷ್ಟೇ. ಗಾಳಿಯ ಲೆಕ್ಕ ಮೂಗಿಗೆ ಸಿಗುವಂಥದ್ದಲ್ಲ. ಡೀಸೆಲ್ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಗಾಡಿಯ ಹತ್ತಿರ ಹೆಚ್ಚು, ದೂರ ಸರಿದಂತೆ ಬೇಗ ಇಳಿಯುತ್ತದೆ. ಹಾಗಾಗಿ ಗಾಡಿ ತಡೆದ ಬೀದಿಯಲ್ಲಿ ಅದು ಕಡಿಮೆಯಾಗಲೇಬೇಕು. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳ ಸ್ವಭಾವ ಬೇರೆ. ಅವು ಇಡೀ ಊರಿನ ಗಾಳಿಯಲ್ಲಿ ತೇಲುತ್ತಿರುತ್ತವೆ, ಪಕ್ಕದ ಎಂ.ಜಿ. ರಸ್ತೆಯಿಂದ, ರೆಸಿಡೆನ್ಸಿ ರಸ್ತೆಯಿಂದ ಬ್ಯಾರಿಕೇಡು ನೋಡದೆ ಒಳಗೆ ಬರುತ್ತವೆ. ಎರಡು ದೊಡ್ಡ ರಸ್ತೆಗಳ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಬೀದಿಯನ್ನು ವಾರಕ್ಕೆರಡು ದಿನ ಮುಚ್ಚಿದರೆ ಶ್ವಾಸಕೋಶಕ್ಕೆ ದೊಡ್ಡ ಉಪಕಾರವೇನೂ ಆಗದು. ಕಿವಿಗೆ ಆಗುತ್ತದೆ, ಮಕ್ಕಳ ಕೈ ಬಿಟ್ಟು ನಡೆಯುವ ತಾಯಂದಿರಿಗೆ ಆಗುತ್ತದೆ. ಈ ಯೋಜನೆಗೆ ‘ಶುದ್ಧ ಗಾಳಿ’ ಎಂದು ಹೆಸರಿಟ್ಟು, ನಿಜವಾಗಿ ಸಿಕ್ಕ ಲಾಭವನ್ನು ಬದಿಗೆ ಸರಿಸಿದರು ಎಂದೇ ನನಗೆ ಅನ್ನಿಸುತ್ತದೆ.

ಕಾಲು ನೋಯುತ್ತಿದೆಯೇ? ಇಂಡಿಯನ್ ಕಾಫಿ ಹೌಸಿಗೆ ನುಗ್ಗಿ. ಎಂ.ಜಿ. ರಸ್ತೆಯಲ್ಲಿದ್ದ ಹಳೆಯ ಕಾಫಿ ಹೌಸ್ 2009ರಲ್ಲಿ ಬಾಗಿಲು ಹಾಕಿ ಈ ಬೀದಿಗೆ ಬಂತು. ಬಿಳಿ ಸಮವಸ್ತ್ರ, ತಲೆಗೆ ಪೇಟ, ಸೊಂಟಕ್ಕೆ ಪಟ್ಟಿ ಕಟ್ಟಿದ ಬಡಿಸುವವರು ಜೊತೆಯಲ್ಲೇ ಬಂದರು. ಕಾಫಿ ಕುಡಿದು ಹೊರಗೆ ಬಂದು, ಈ ಸಲ ಅಂಗಡಿಗಳ ಕಡೆ ಕಣ್ಣು ಹಾಯಿಸಿ. ತಿನ್ನುವ ಅಂಗಡಿಗಳ ಮುಂದೆ ಗುಂಪು. ಆದರೆ ಭಾರದ ಸಾಮಾನು ಮಾರುವವನಿಗೆ, ಕಾರಿನಲ್ಲಿ ಬಂದು ಬಾಗಿಲಲ್ಲೇ ಇಳಿಯುವ ಗಿರಾಕಿಯನ್ನು ನಂಬಿದವನಿಗೆ ಈ ಗುಂಪು ಬರೀ ನೋಟ. ಪ್ರಯೋಗ ನಡೆದ ತಿಂಗಳುಗಳಲ್ಲಿ ಇಲ್ಲಿನ ವ್ಯಾಪಾರಿಗಳಲ್ಲಿ ಒಮ್ಮತ ಇರಲಿಲ್ಲ. ಕೆಲವರು ಖುಷಿಪಟ್ಟರು, ಕೆಲವರು ಪಾರ್ಕಿಂಗ್ ಹೋಯಿತೆಂದು ಗೊಣಗಿದರು. ಕೊರೋನಾ ಹೊತ್ತಿನಲ್ಲಿ ಇಷ್ಟು ಜನ ಸೇರಿಸುವುದು ಸರಿಯೇ ಎಂದವರೂ ಇದ್ದರು. ಮೂರೂ ಮಾತಿನಲ್ಲಿ ಹುರುಳಿತ್ತು.

ಅವರ ಗೊಣಗಾಟಕ್ಕೆ ಹಳೆಯ ಗಾಯವೂ ಒಂದು ಕಾರಣ. 2017ರ ಫೆಬ್ರವರಿಯಲ್ಲಿ ಈ ಬೀದಿಯನ್ನು ‘ಟೆಂಡರ್ ಶ್ಯೂರ್’ ಯೋಜನೆಯಲ್ಲಿ ಅಗೆಯಲು ಶುರುಮಾಡಿದರು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಸಂಸ್ಥೆಯ ವಿನ್ಯಾಸ. ನೀರು, ಒಳಚರಂಡಿ, ಕರೆಂಟು, ಕೇಬಲ್ ಎಲ್ಲವನ್ನೂ ಮೊದಲೇ ನೆಲದಡಿ ಕೂರಿಸಿ, ಮತ್ತೆ ಮತ್ತೆ ಅಗೆಯುವುದನ್ನು ತಪ್ಪಿಸುವುದು ಆ ಯೋಜನೆಯ ತಿರುಳು. ಹಾಕಿಕೊಂಡ ಗಡುವುಗಳು ದಾಟಿದವು. ಧೂಳಿನಲ್ಲಿ, ಹಲಗೆ ಹಾಕಿದ ಹಳ್ಳಗಳ ನಡುವೆ ಅಂಗಡಿಗಳು ವರ್ಷ ಕಳೆದವು. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. ಚಂದದ ಕಲ್ಲುಹಾಸು, ಅದರ ಮೇಲೆ ಮತ್ತದೇ ಕಾರು, ಅದೇ ಕಸದ ಲಾರಿ. ಚಪ್ಪಲಿಯಡಿ ಅಲುಗಿದ ಬಿಲ್ಲೆ ಇಲ್ಲಿಂದ ಬಂದದ್ದು: ಕಾಲಿಗೆಂದು ಹಾಸಿದ ಕಲ್ಲಿನ ಮೇಲೆ ಗಾಲಿ ಓಡಿತು.

ಈ ಬೀದಿಯ ಬಗ್ಗೆ ನನ್ನ ಮುಖ್ಯ ತಕರಾರು ಇದು. ಕಲ್ಲು ಮೊದಲು ಹಾಸಿದರು, ಗಾಡಿ ಇರಬೇಕೋ ಬೇಡವೋ ಎಂಬ ಪ್ರಶ್ನೆ ಎರಡೂಮುಕ್ಕಾಲು ವರ್ಷದ ಮೇಲೆ ಕೇಳಿದರು.

ನ್ಯೂಯಾರ್ಕಿನಲ್ಲಿ ಕ್ರಮ ತಿರುವುಮುರುವು. 2009ರ ಮೇ ತಿಂಗಳಲ್ಲಿ ಟೈಮ್ಸ್ ಸ್ಕ್ವೇರಿನ ಬ್ರಾಡ್‌ವೇ ರಸ್ತೆಗೆ ಡ್ರಮ್ಮುಗಳನ್ನು ಅಡ್ಡ ಇಟ್ಟು, ಅಂಗಳದಲ್ಲಿ ಹಾಕಿಕೊಳ್ಳುವ ಅಗ್ಗದ ಮಡಚುಕುರ್ಚಿಗಳನ್ನು ತಂದು ಡಾಂಬರಿನ ಮೇಲೇ ಹರವಿದರು. ಜನ ಕುಳಿತರು. ಸಾರಿಗೆ ಇಲಾಖೆ ಟ್ಯಾಕ್ಸಿಗಳ ಜಿಪಿಎಸ್ ದಾಖಲೆ ತೆಗೆದು ವೇಗ ಲೆಕ್ಕ ಹಾಕಿತು, ಗಾಯಾಳುಗಳನ್ನು ಎಣಿಸಿತು: ಪಾದಚಾರಿಗಳ ಗಾಯ ಶೇಕಡಾ 35, ವಾಹನದೊಳಗಿದ್ದವರ ಗಾಯ ಶೇಕಡಾ 63 ಇಳಿದಿತ್ತು. 2010ರ ಫೆಬ್ರವರಿಯಲ್ಲಿ ಕಾಯಂ ಎಂದರು. ಕಲ್ಲಿನ ಕೆಲಸ ಶುರುವಾದದ್ದು ಅದಾದ ಮೇಲೆ. ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯೂ ಹಾಗೇ. 1962ರ ನವೆಂಬರಿನಲ್ಲಿ ಪ್ರಯೋಗವೆಂದು ಮುಚ್ಚಿ, ಚಳಿ ಊರಿನಲ್ಲಿ ಹೊರಗೆ ಯಾರು ಅಡ್ಡಾಡುತ್ತಾರೆ ಎಂದು ಅಂಗಡಿಯವರಿಂದ ಬೈಸಿಕೊಂಡು, 1964ರಲ್ಲಿ ಕಾಯಂ ಮಾಡಿದರು. ಪ್ರಯೋಗದಲ್ಲಿ ಸೋತಿದ್ದರೆ ಕುರ್ಚಿ ಎತ್ತಿಟ್ಟರಾಯಿತು. ಕಲ್ಲನ್ನು ಎತ್ತಿಡುವುದು ಹೇಗೆ?

ಬನ್ನಿ, ತುದಿ ತನಕ ಹೋಗೋಣ. ಸೇಂಟ್ ಮಾರ್ಕ್ಸ್ ರಸ್ತೆಯ ಬ್ಯಾರಿಕೇಡಿಗೆ ಬಂದಾಗ ಹಾರ್ನಿನ ಸದ್ದು ಒಮ್ಮೆಲೇ ಮುಖಕ್ಕೆ ಬಡಿಯುತ್ತದೆ. ಒಳಗಿರಬೇಕಾಗಿದ್ದ ಗಾಡಿಗಳು ಮಾಯವಾಗಿಲ್ಲ, ಸುತ್ತುಹಾಕುತ್ತಿವೆ. ಒಂದು ಬೀದಿಯ ಸುಖವನ್ನು ಅಳೆಯುವವರು ಪಕ್ಕದ ಬೀದಿಯ ಕಷ್ಟವನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಕೋಶೀಸ್ ಹೋಟೆಲಿನ ಹತ್ತಿರ ನಿಂತು ಆಟೋಗೆ ಕೈ ತೋರಿಸಿ. ಬರುವುದಿಲ್ಲ ಅನ್ನುತ್ತಾನೆ. ಇನ್ನೊಬ್ಬನೂ ಅದನ್ನೇ ಹೇಳುತ್ತಾನೆ. ಇದನ್ನು ಯಾವ ಪ್ರಯೋಗವೂ ಬದಲಿಸಿಲ್ಲ.

2021ರ ಫೆಬ್ರವರಿ ಮುಗಿಯಿತು, ಬ್ಯಾರಿಕೇಡುಗಳು ಹೋದವು, ಗಾಡಿಗಳು ಶನಿವಾರಕ್ಕೂ ಮರಳಿದವು. ಏಪ್ರಿಲ್ 27ಕ್ಕೆ ಎರಡನೇ ಅಲೆಯ ಲಾಕ್‌ಡೌನು ಬಂದು ಬೀದಿಯಲ್ಲಿ ಗಾಡಿಯೂ ಇಲ್ಲ, ಮನುಷ್ಯರೂ ಇಲ್ಲ. ಅದರ ನಂತರ ವಾರಾಂತ್ಯದ ನಡಿಗೆ ಕಾಯಂ ಆಗಲಿಲ್ಲ. ಯಾವ ಅಂಕಿ ಬಂದರೆ ಮುಂದುವರಿಸುತ್ತೇವೆ, ಯಾವುದು ಬಂದರೆ ಬಿಡುತ್ತೇವೆ ಎಂಬುದನ್ನು ಶುರುವಿನಲ್ಲೇ ಜನರೆದುರು ಬರೆದಿಟ್ಟಿದ್ದರೆ ಅಂಗಡಿಯವನಿಗೂ ವಾದ ಮಾಡಲು ಹಿಡಿಕೆ ಸಿಗುತ್ತಿತ್ತು.

ಈಗ ಕಟಕೋಳಕ್ಕೆ ಬನ್ನಿ. ಬೆಳಗಿನ ಹೊತ್ತು, ಬಸ್ಸಿಳಿದು ಬಜಾರದ ಕಡೆ ಹೊರಟಿದ್ದೀರಿ. ಟಂಟಂ ಒಂದು ನಡುವೆ ನಿಂತು ಮಂದಿ ತುಂಬಿಕೊಳ್ಳುತ್ತಿದೆ. ಕಿರಾಣಿ ಅಂಗಡಿಯ ಮುಂದೆ ಚೀಲ ಇಳಿಸುವ ಗಾಡಿ. ಅದರ ಹಿಂದೆ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಟೇಪಿನಲ್ಲಿ ಹಾಡು. ಶಾಲೆಯ ಹುಡುಗರು ಗಾಲಿಗಳ ಸಂದಿಯಲ್ಲಿ ನುಸುಳುತ್ತಾರೆ. ಇಲ್ಲಿಗೆ ಗ್ರಾನೈಟು ಬೇಡ, ಬ್ರಿಟನ್ನಿನ ಜಾಲವೂ ಬೇಡ. ಎರಡು ಡ್ರಮ್ಮು, ಒಂದು ಹಗ್ಗ, ಸುಣ್ಣದ ಗೆರೆ ಸಾಕು. ಗಾಡಿಗೆ ಹೊರಗಿನ ದಾರಿ, ಚೀಲ ಇಳಿಸಲು ಬೆಳಗಿನ ಎರಡು ತಾಸು, ಟಂಟಂಗಳಿಗೆ ಬಜಾರದ ಬಾಯಿಯಲ್ಲಿ ಒಂದು ನಿಲ್ದಾಣ. ಒಂದು ತಿಂಗಳು ಮಾಡಿ ನೋಡಬಹುದು.

ಕಾನೂನೂ ಅಡ್ಡ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಸಾರ್ವಜನಿಕ ಸುರಕ್ಷತೆ, ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಕೊಡುತ್ತದೆ. ಕಾಯಂ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಅದು ಬೇಡ. ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಅಂದರೆ ಡಂಗುರ ಸಾರಿಸಬೇಕು, ಇಲ್ಲವೇ ಆಟೋಗೆ ಮೈಕು ಕಟ್ಟಿಸಬೇಕು. ಈ ಕಲಮಿನಡಿ ಪಂಚಾಯಿತಿಯವರು ತಾವೇ ರಸ್ತೆ ಮುಚ್ಚುವಂತಿಲ್ಲ. ಠರಾವು ಮಾಡಿ, ಪೊಲೀಸರ ಅಭಿಪ್ರಾಯ ಹಚ್ಚಿ ಜಿಲ್ಲಾಧಿಕಾರಿಗೆ ಕಳಿಸಬೇಕು. ಎಣಿಸಬೇಕಾದ್ದನ್ನು ಹೈಸ್ಕೂಲಿನ ಮಕ್ಕಳೇ ಎಣಿಸಿಯಾರು: ತಾಸಿಗೆ ಎಷ್ಟು ಗಾಡಿ ಹೊರಗಿನ ದಾರಿ ಹಿಡಿದವು, ಎಷ್ಟು ಹೆಂಗಸರು ಬಜಾರಕ್ಕೆ ಬಂದರು, ಯಾವ ಅಂಗಡಿಯ ಗಿರಾಕಿ ತಪ್ಪಿದ.

ಒಂದು ಎಚ್ಚರ ಮಾತ್ರ ಬೇಕು. ಈ ಪ್ರಯೋಗವನ್ನು ಮೇ ತಿಂಗಳಿನಲ್ಲಿ ಮಾಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಬ್ಬು ಮುಗಿದಿರುತ್ತದೆ, ಶಾಲೆಗೆ ರಜೆ, ಟ್ರ್ಯಾಕ್ಟರು ಶೆಡ್ಡಿನಲ್ಲಿ. ಫಲಿತಾಂಶ ಚಂದ ಬರುತ್ತದೆ. ಒಪ್ಪಬೇಡಿ. ಕಾರ್ಖಾನೆಗಳು ಅರೆಯುತ್ತಿರುವಾಗ, ಗೊಡಚಿ ಜಾತ್ರೆ ಎದುರಿಗಿರುವಾಗ, ನವೆಂಬರಿನಲ್ಲಿ ಹಗ್ಗ ಕಟ್ಟಿ.