ಕಾಳಿನೊಳಗಿನ ಲೆಕ್ಕ

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳಲ್ಲಿ ಅನುವಂಶೀಯತೆಯ ಪಾಠವನ್ನು ಗ್ರೆಗರ್ ಮೆಂಡೆಲ್‌ನ ಬಟಾಣಿಯಿಂದಲೇ ಆರಂಭಿಸಬೇಕಾಗುತ್ತಿತ್ತು. ಆದರೆ ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಹಳ್ಳಿಗಳಿಂದ ಬರುತ್ತಿದ್ದ ಮಕ್ಕಳಿಗೆ ಬಟಾಣಿಗಿಂತ ಹೆಸರು, ಅಲಸಂದಿ, ತೊಗರಿ, ಕಡಲೆ, ಶೇಂಗಾಗಳೇ ಹೆಚ್ಚು ಪರಿಚಿತ. ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಇವೆಲ್ಲ ಒಂದೇ ಕುಟುಂಬದ ಸಸ್ಯಗಳು ಎಂದು ವಿವರಿಸುತ್ತಿದ್ದೆ. ಒಮ್ಮೆ ಹುಡುಗನೊಬ್ಬ ಎದ್ದುನಿಂತು, "ಸರ್, ಎಲ್ಲಾ ಒಂದ ಮನಿತನದವು ಅಂದ್ರ, ಇವುಗಳ ವರ್ಣತಂತುನೂ ಒಂದ ಲೆಕ್ಕಕ್ಕ ಇರ್ತಾವೇನ್ರಿ?" ಎಂದು ಕೇಳಿದ್ದ. ಆ ಪ್ರಶ್ನೆಗೆ ವಿಜ್ಞಾನ ಇಂದು ಕೊಡುವ ಉತ್ತರ ಬಹಳ ಸ್ವಾರಸ್ಯಕರವಾದುದು.

ಮೊದಲು ಎಣಿಕೆಯನ್ನು ನೋಡೋಣ. ಹೆಸರು, ಉದ್ದು, ಅಲಸಂದಿ, ತೊಗರಿ ಈ ನಾಲ್ಕರ ಜೀವಕೋಶಗಳಲ್ಲೂ ಇರುವುದು 22 ವರ್ಣತಂತುಗಳು. ಕಡಲೆಯಲ್ಲಿ 16, ಬಟಾಣಿಯಲ್ಲಿ 14. ಶೇಂಗಾದಲ್ಲಿ ಮಾತ್ರ 40. ಎಣಿಕೆ ಒಂದೇ ಆದ ಮಾತ್ರಕ್ಕೆ ಗಾತ್ರ ಒಂದೇ ಆಗಿರಬೇಕೆಂದಿಲ್ಲ. ವರ್ಣತಂತುಗಳಲ್ಲಿರುವ ಒಟ್ಟು ಡಿಎನ್‌ಎ ಬರಹವನ್ನು ಜೀನೋಮ್ ಎನ್ನುತ್ತಾರೆ. ಹೆಸರಿನ ಜೀನೋಮ್ ಸುಮಾರು 58 ಕೋಟಿ ಅಕ್ಷರಗಳ ಗ್ರಂಥವಾದರೆ, ಅಷ್ಟೇ ವರ್ಣತಂತುಗಳಿರುವ ತೊಗರಿಯದು ಸುಮಾರು 83 ಕೋಟಿ. ತೊಗರಿಯ ಈ ಗ್ರಂಥವನ್ನು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಓದಿ 2011ರಲ್ಲಿ ಪ್ರಕಟಿಸಲಾಯಿತು. ಇವುಗಳಲ್ಲೆಲ್ಲ ಅತಿ ಕಡಿಮೆ ವರ್ಣತಂತುಗಳಿರುವ ಬಟಾಣಿಯ ಜೀನೋಮ್ ಸುಮಾರು 445 ಕೋಟಿ ಅಕ್ಷರಗಳದ್ದು! ಮನುಷ್ಯನದೇ 310 ಕೋಟಿಯ ಆಸುಪಾಸಿನಲ್ಲಿದೆ.

ಹಾಗಾದರೆ ಬಟಾಣಿ ನಮಗಿಂತ ಜಾಣ ಜೀವಿಯೇ? ಖಂಡಿತ ಅಲ್ಲ. ಆ ಬೃಹತ್ ಗ್ರಂಥದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚಿನದು ಒಂದೇ ಬಗೆಯ ಪುಟಗಳ ಮರುನಕಲು. ತಮ್ಮನ್ನು ತಾವೇ ನಕಲು ಮಾಡಿಕೊಂಡು ಬೇರೆಡೆ ಸೇರಿಕೊಳ್ಳುವ ಡಿಎನ್‌ಎ ತುಣುಕುಗಳು ಲಕ್ಷಾಂತರ ವರ್ಷಗಳಲ್ಲಿ ಮಾಡಿದ ಕೆಲಸವಿದು. ಹೀಗೆ ಜಾಗ ಬದಲಿಸುವ ತುಣುಕುಗಳನ್ನು ಮೊದಲು ಗುರುತಿಸಿದವರು ಬಾರ್ಬರಾ ಮೆಕ್‌ಕ್ಲಿಂಟಾಕ್. ಅದೂ ನಮ್ಮ ಜಿಲ್ಲೆಯ ತುಂಬ ಬೆಳೆಯುವ ಗೋವಿನಜೋಳದಲ್ಲಿ. ಅದಕ್ಕಾಗಿ 1983ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇನ್ನು ಶೇಂಗಾದ ನಲವತ್ತರ ಕಥೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ತಲಾ 20 ವರ್ಣತಂತುಗಳಿದ್ದ ಎರಡು ತಳಿಜಾತಿಗಳು ಕೂಡಿ, ಅವುಗಳ ಸಂತಾನದಲ್ಲಿ ವರ್ಣತಂತುಗಳು ಇಮ್ಮಡಿಯಾದವು. ಶೇಂಗಾ ಹುಟ್ಟಿದ್ದು ಹಾಗೆ. ಆದರೆ ಆ ಇಮ್ಮಡಿಯೇ ಅದಕ್ಕೂ ಅದರ ಕಾಡುಬಂಧುಗಳಿಗೂ ನಡುವೆ ಗೋಡೆಯಾಯಿತು.

ಆ ಗೋಡೆಯ ಬೆಲೆಯನ್ನು ತೆತ್ತವರು ರೈತರು. ನಮ್ಮ ಮನೆತನದ ಹೊಲದಲ್ಲಿ ಟಿಕ್ಕಾ ರೋಗವೂ ತುಕ್ಕು ರೋಗವೂ ಒಟ್ಟಿಗೆ ಬಂದ ವರ್ಷಗಳನ್ನು ನಾನು ಮರೆತಿಲ್ಲ. ಕೀಳುವ ಮೊದಲೇ ಎಲೆಯೆಲ್ಲ ಉದುರಿ ಬರಿ ಕಡ್ಡಿ ನಿಲ್ಲುತ್ತಿತ್ತು. ಕಾಯಿ ಜೊಳ್ಳು, ದನಗಳಿಗೆ ಹೊಟ್ಟೂ ಇಲ್ಲ. ಶೇಂಗಾ ಮಾರಿ ಅಂಗಡಿಯ ಸಾಲ ತೀರಿಸುತ್ತೇನೆಂದಿದ್ದ ನನ್ನ ತಂದೆ ಆ ದಿನಗಳಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ.

ಈ ರೋಗಗಳನ್ನು ತಡೆಯುವ ಶಕ್ತಿ ಬೊಲಿವಿಯಾ ದೇಶದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡುಶೇಂಗಾದಲ್ಲಿತ್ತು. ಅದರ ವರ್ಣತಂತುಗಳು 20. ಅದನ್ನು 40ರ ಶೇಂಗಾದೊಂದಿಗೆ ಕೂಡಿಸಿದರೆ ಹುಟ್ಟುವ ಗಿಡಕ್ಕೆ 30. ಅವು ಸರಿಯಾಗಿ ಜೋಡಿ ಕೂಡಲಾರದೆ ಗಿಡ ಕಾಳು ಕಟ್ಟುವುದಿಲ್ಲ. ವಿಜ್ಞಾನಿಗಳು ಕೊಲ್ಚಿಸಿನ್ ಎಂಬ ವಸ್ತುವಿನಿಂದ ಮೂವತ್ತನ್ನು ಅರವತ್ತು ಮಾಡಿದರು. ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲೂ ಇರುವ ವಿಷವದು. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳು ಬೇರ್ಪಡದಂತೆ ತಡೆಯುತ್ತದೆ. ಅರವತ್ತರ ಗಿಡ ಕಾಳು ಕಟ್ಟಿತು. ಮುಂದಿನ ಪೀಳಿಗೆಗಳಲ್ಲಿ ಹೆಚ್ಚಿನವು ಕಳಚಿ ಮತ್ತೆ 40ಕ್ಕೆ ಬಂದು ನಿಂತಾಗ, ಕೆಲವು ಗಿಡಗಳಲ್ಲಿ ಕಾಡಿನ ರೋಗನಿರೋಧಕ ತುಣುಕು ಉಳಿದುಕೊಂಡಿತ್ತು. ಅಂಥದೊಂದು ಸಾಲನ್ನು ಕೆಆರ್‌ಜಿ-1 ತಳಿಯೊಂದಿಗೆ ಸಂಕರಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಈ ಶತಮಾನದ ಆರಂಭದಲ್ಲಿ ಜಿಪಿಬಿಡಿ-4 ಎಂಬ ತಳಿಯನ್ನು ನೀಡಿದರು. ಟಿಕ್ಕಾ, ತುಕ್ಕು ಎರಡನ್ನೂ ತಡೆದುಕೊಂಡು ಕೊನೆಯವರೆಗೆ ಹಸಿರಾಗಿ ನಿಲ್ಲುವುದು ಅದರ ಗುಣ.

ಸೂಕ್ಷ್ಮದರ್ಶಕದಡಿ ಕೂತು ವರ್ಣತಂತು ಎಣಿಸುವುದರಿಂದ ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಇಪ್ಪತ್ತು, ನಲವತ್ತರ ಲೆಕ್ಕ ತಿಳಿಯದಿದ್ದರೆ ಆ ಗೋಡೆಯನ್ನು ದಾಟುವ ದಾರಿಯೂ ಹೊಳೆಯುತ್ತಿರಲಿಲ್ಲ. ಯಾರೂ ಬಿತ್ತದ, ಯಾರ ಅಡುಗೆಮನೆಯನ್ನೂ ಸೇರದ ಬೊಲಿವಿಯಾದ ಆ ಕಾಡುಗಿಡವನ್ನು ಸಂಗ್ರಹಿಸಿ, ಜೋಪಾನವಾಗಿಟ್ಟು, ದೇಶದಿಂದ ದೇಶಕ್ಕೆ ಹಂಚಿದವರ ಋಣ ನಮ್ಮ ಶೇಂಗಾ ಹೊಲಗಳ ಮೇಲಿದೆ.