ಕೊಸರು ಮತ್ತು ಉದ್ರಿ

ಕನ್ನಡದ ವ್ಯಾಪಾರದ ಮಾತುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ‘ಕೊಸರು’. ಸೇರು, ಪಾವುಗಳಲ್ಲಿ ಅಳೆದು ಸುರಿದ ಮೇಲೆ ಮಾರುವವರು ನಮ್ಮ ಚೀಲಕ್ಕೆ ಹಾಕುವ ಹೆಚ್ಚಿನ ಹಿಡಿಗೆ ಆ ಹೆಸರು. ಲೆಕ್ಕಕ್ಕೆ ಸೇರದ ಆ ಹಿಡಿಯೇ ಗಿರಾಕಿಯನ್ನು ಮತ್ತೆ ಅದೇ ಅಂಗಡಿಗೆ ಕರೆತರುತ್ತಿತ್ತು.

ಜೈನ ಆಚಾರಶಾಸ್ತ್ರ ಇದೇ ವಿಷಯವನ್ನು ಇನ್ನೊಂದು ತುದಿಯಿಂದ ನೋಡಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ನೇರವಾಗಿ ಅಂಗಡಿಗೆ ಸಂಬಂಧಿಸಿದವು. ಒಂದು ಹೀನಾಧಿಕಮಾನೋನ್ಮಾನ, ಎಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು. ಇನ್ನೊಂದು ಪ್ರತಿರೂಪಕವ್ಯವಹಾರ, ಎಂದರೆ ಕಲಬೆರಕೆ. ಇವೆರಡನ್ನೂ ಬಿಟ್ಟ ವರ್ತಕನನ್ನು ಗಿರಾಕಿ ದೂರಲಾರ. ಆದರೆ ‘ಇದು ನಮ್ಮ ಅಂಗಡಿ’ ಎನ್ನಬೇಕಾದರೆ ತೂಕ ಸರಿಯಿದ್ದರಷ್ಟೇ ಸಾಲದು.

ಮತ್ತೇನು ಬೇಕೆಂಬುದನ್ನು ಪೀಣ್ಯದಲ್ಲಿ ಕಂಡಿದ್ದೇನೆ. ನಾನು ದಿನಸಿ ತರುವ ಅಂಗಡಿಯ ಗಿರಾಕಿಗಳಲ್ಲಿ ಬಹುಪಾಲು ಜನ ಲೇತ್ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಸಂಬಳವಾಗುವವರೆಗೆ ಅವರ ಅಕ್ಕಿ, ಬೇಳೆಯ ಲೆಕ್ಕ ಉದ್ರಿ ಪುಸ್ತಕದಲ್ಲಿರುತ್ತದೆ. ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಅದೇ ಬೇಳೆ ಎರಡು ಮೂರು ರೂಪಾಯಿ ಅಗ್ಗವೆಂದು ಅವರಿಗೂ ಗೊತ್ತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕಾರ್ಖಾನೆಗಳು ಮುಚ್ಚಿದವು. ಅಂಗಡಿಯವರು ಪುಸ್ತಕ ಮುಚ್ಚಲಿಲ್ಲ. ಮೇ ತಿಂಗಳಲ್ಲಿ ಹಲವರು ಬಾಕಿ ಉಳಿಸಿಯೇ ಊರಿಗೆ ಹೊರಟಾಗ, “ಮೊದಲು ಮನೆ ಸೇರ್ಕೊಳ್ಲಿ ಬಿಡಿ ಸಾರ್, ಪುಸ್ತಕ ಎಲ್ಲಿಗೂ ಹೋಗಲ್ಲ” ಎಂದರು. ಮರಳಿ ಬಂದವರಲ್ಲಿ ಹೆಚ್ಚಿನವರು ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ಬಾರದವರ ಹೆಸರುಗಳು ಆ ಪುಟಗಳಲ್ಲೇ ಉಳಿದಿವೆ.

ವೈಟ್‌ಫೀಲ್ಡಿನ ಮಾಲುಗಳಲ್ಲಿ ಈಗ ಲಾಯಲ್ಟಿ ಕಾರ್ಡುಗಳಿವೆ, ಖರ್ಚಿಗೆ ತಕ್ಕಷ್ಟು ಅಂಕಗಳು ಸಿಗುತ್ತವೆ. ಅದನ್ನು ಕೊಸರಿನ ಹೊಸ ರೂಪವೆನ್ನುವವರೂ ಇದ್ದಾರೆ. ಆದರೆ ಅಲ್ಲಿ ಎಣಿಕೆಯಾಗುವುದು ನಾವು ಈಗಾಗಲೇ ಕೊಟ್ಟ ಹಣ. ಹೆಚ್ಚು ಅಂಕ ಕೊಡುವ ಇನ್ನೊಂದು ಮಳಿಗೆ ಸಿಕ್ಕರೆ ಅತ್ತ ಹೋಗಲು ಯಾರೂ ಸಂಕೋಚಪಡುವುದಿಲ್ಲ. ಉದ್ರಿ ಪುಸ್ತಕವಾದರೋ ಇನ್ನೂ ಬಾರದ ಹಣದ ಮೇಲಿನ ನಂಬಿಕೆ.

ಉದ್ರಿಯು ಬಡವರನ್ನು ಒಂದೇ ಅಂಗಡಿಗೆ ಕಟ್ಟಿಹಾಕುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಸಾಲವಿರುವಾಗ ಬರುವುದು ನಿಷ್ಠೆಯೋ ನಿರುಪಾಯವೋ ಹೇಳುವುದು ಕಷ್ಟ. ಅದು ತಿಳಿಯುವುದು ಬಾಕಿ ತೀರಿದ ಮೇಲೆ. ಪೀಣ್ಯದ ಆ ಅಂಗಡಿಯಲ್ಲಿ ಬಾಕಿ ತೀರಿಸಿದವರು, ಈಗ ಮೊಬೈಲಿನಿಂದಲೇ ಹಣ ಕೊಡುವವರು, ಸಂಜೆ ಪಾಳಿ ಬಿಟ್ಟೊಡನೆ ಇಂದಿಗೂ ಅಲ್ಲಿಗೇ ಬರುತ್ತಾರೆ.